ಪ್ರಬಂಧ ಸ್ಪರ್ಧೆಯಲ್ಲಿ ಹುಟ್ಟಿದ ಬಣ್ಣ

ನಮ್ಮ ಲ್ಯಾಬಿನ ಕಪಾಟಿನಲ್ಲಿ ನೇರಳೆ ದ್ರಾವಣದ ಬಾಟಲಿಯೊಂದಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ 'ನಿಸ್ಲ್' ಎಂದಷ್ಟೇ ಬರೆದಿದೆ. ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗಾಗಿ ನಾನು ತಿಂಗಳುಗಟ್ಟಲೆ ಆ ಬಾಟಲಿಯ ಜೊತೆಗೇ ಕಳೆದೆ. ಪೆಟ್ಟು ಬಿದ್ದ ಇಲಿ ಮಿದುಳಿನ ತೆಳ್ಳನೆಯ ಪದರಗಳಿಗೆ ಬಣ್ಣ ಹಾಕುವುದು, ಪೆಟ್ಟು ಬಿದ್ದ ಕಡೆ ಎಷ್ಟು ನರಕೋಶಗಳು ಉಳಿದಿವೆ ಎಂದು ಎಣಿಸುವುದು, ಬೀಳದ ಕಡೆಗೆ ಹೋಲಿಸುವುದು. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಮಾತ್ರ ಒಂದು ಸೆಮಿಸ್ಟರ್ ಸಾಲದು.

ನಿಸ್ಲ್ ಎಂದರೆ ಯಾವುದೋ ರಾಸಾಯನಿಕದ ಹೆಸರೆಂದು ನನ್ನ ತರಗತಿಯ ಹಲವರು ಈಗಲೂ ನಂಬಿದ್ದಾರೆ. ಅವರದ್ದೇನೂ ತಪ್ಪಿಲ್ಲ, ಪಠ್ಯಪುಸ್ತಕಗಳು ಆ ಹೆಸರನ್ನು ಹಾಗೆಯೇ ಬಳಸುತ್ತವೆ. ನಿಸ್ಲ್ ಸ್ಟೇನ್, ನಿಸ್ಲ್ ಬಾಡಿ, ನಿಸ್ಲ್ ಸಬ್‌ಸ್ಟೆನ್ಸ್. ಫ್ರಾಂಜ್ ನಿಸ್ಲ್ ಒಬ್ಬ ಮನುಷ್ಯ, ಜರ್ಮನಿಯ ಮನೋವೈದ್ಯ. ಈ ವಿಧಾನವನ್ನು ಕಂಡುಹಿಡಿದಾಗ ಅವರಿನ್ನೂ ವಿದ್ಯಾರ್ಥಿ. ಕಾಲೇಜಿನ ಪ್ರಬಂಧ ಸ್ಪರ್ಧೆಗೆಂದು ಮಾಡಿದ ಕೆಲಸ ಅದು. ಪ್ರಾಜೆಕ್ಟ್ ರಿಪೋರ್ಟ್ ಎಂದರೆ ಬೈಂಡಿಂಗ್ ಮಾಡಿಸಿ, ಸಹಿ ಹಾಕಿಸಿ, ಗ್ರಂಥಾಲಯದ ಮೂಲೆಯಲ್ಲಿ ದೂಳು ತಿನ್ನಲು ಬಿಡುವ ವಸ್ತು ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿರುವಾಗ, ಈ ಮನುಷ್ಯನ ಬದುಕನ್ನು ಸ್ವಲ್ಪ ಹೇಳಬೇಕು ಎನ್ನಿಸಿತು.

ನಿಸ್ಲ್ ಹುಟ್ಟಿದ್ದು 1860ರ ಸೆಪ್ಟೆಂಬರ್ 9ರಂದು, ರೈನ್ ನದಿಯ ಸೀಮೆಯ ಫ್ರಾಂಕೆಂತಾಲ್ ಎಂಬ ಊರಿನಲ್ಲಿ. ತಂದೆ ಕ್ಯಾಥೊಲಿಕ್ ಶಾಲೆಯಲ್ಲಿ ಲ್ಯಾಟಿನ್ ಮೇಷ್ಟ್ರು. ಮಗ ಪಾದ್ರಿಯಾಗಬೇಕು ಎಂಬುದು ಅವರ ಆಸೆ. ಮಗ ಮ್ಯೂನಿಕ್‌ಗೆ ಹೋಗಿ ವೈದ್ಯಕೀಯ ಓದಲು ಸೇರಿದ. ಅಪ್ಪನ ಆಸೆ ಒಂದು, ಮಗನ ಕಾಲೇಜು ಇನ್ನೊಂದು. ಈ ಕತೆ ನಮಗೆ ಹೊಸದಲ್ಲ ಬಿಡಿ.

ಆ ಕಾಲದ ಮ್ಯೂನಿಕ್‌ನಲ್ಲಿ ಮನೋವೈದ್ಯಕೀಯ ಎಂದರೆ ಬರ್ನ್‌ಹಾರ್ಡ್ ಫಾನ್ ಗುಡೆನ್. ದೊಡ್ಡ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ, ಜೊತೆಗೆ ಮಿದುಳನ್ನು ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್ ಯಂತ್ರವೊಂದನ್ನು ರೂಪಿಸಿದವರು. ಮನಸ್ಸಿನ ಕಾಯಿಲೆಗೆ ಮಿದುಳಿನಲ್ಲಿ ಗುರುತು ಇದ್ದೇ ಇರಬೇಕು ಎಂಬುದು ಅಂದಿನ ವಿಶ್ವಾಸ. ಆದರೆ ಆ ಗುರುತು ಕಾಣಬೇಕಾದರೆ ಮೊದಲು ಕೋಶ ಕಾಣಬೇಕಲ್ಲ? ಮಿದುಳನ್ನು ಕ್ರೋಮಿಯಂ ಲವಣಗಳ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ ಗಟ್ಟಿ ಮಾಡುವುದು ರೂಢಿಯಾಗಿತ್ತು. ಗಟ್ಟಿಯೇನೋ ಆಗುತ್ತಿತ್ತು, ನರಕೋಶದ ಒಳಗಿನ ವಿವರ ಮಾತ್ರ ಸರಿಯಾಗಿ ಬಣ್ಣ ಹಿಡಿಯುತ್ತಿರಲಿಲ್ಲ.

ಮಿದುಳಿನ ಹೊರಪದರದ ನರಕೋಶಗಳಲ್ಲಿ ಕಾಯಿಲೆಯಿಂದ ಆಗುವ ಬದಲಾವಣೆಗಳನ್ನು ಕುರಿತು ಬರೆಯಲು ಗುಡೆನ್ ಅವರ ಸಹಾಯಕ ಗಾನ್ಸರ್ ಎಂಬುವರು ನಿಸ್ಲ್‌ಗೆ ಸಲಹೆ ಕೊಟ್ಟರು. 1884ರಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಇದೇ ವಿಷಯಕ್ಕೆ ಬಹುಮಾನ ಪ್ರಕಟಿಸಿತು. ನಿಸ್ಲ್ ರೂಢಿಯ ದಾರಿ ಬಿಟ್ಟು ಅಂಗಾಂಶವನ್ನು ಆಲ್ಕೋಹಾಲ್‌ನಲ್ಲಿ ಗಟ್ಟಿ ಮಾಡಿದರು. ಅದಕ್ಕೆ ಹಾಕಿದ್ದು ಬಟ್ಟೆಗೆ ಬಣ್ಣ ಕೊಡಲು ಜರ್ಮನಿಯ ಕಾರ್ಖಾನೆಗಳು ಡಾಂಬರಿನಿಂದ ತಯಾರಿಸುತ್ತಿದ್ದ ಕೃತಕ ಬಣ್ಣ. ಮೊದಲು ಕೆಂಪು ಮೆಜೆಂಟಾ, ಆಮೇಲೆ ಮಿಥಿಲೀನ್ ಬ್ಲೂ. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಕೆನ್ನೆಯ ಒಳಗಿನ ಕೋಶವನ್ನು ಕೆರೆದು ತೆಗೆದು ನೋಡಲು ಒಂದು ಹನಿ ನೀಲಿ ಹಾಕುತ್ತಿದ್ದೆವಲ್ಲ, ಅದೇ. ಆ ಬಣ್ಣ 1876ರಲ್ಲಿ ತಯಾರಾದದ್ದು ಲುಡ್ವಿಗ್ಸ್‌ಹಾಫೆನ್‌ನ ಕಾರ್ಖಾನೆಯಲ್ಲಿ, ನಿಸ್ಲ್ ಹುಟ್ಟಿದೂರಿನ ಪಕ್ಕದ ಪಟ್ಟಣದಲ್ಲಿ.

ನಿಸ್ಲ್ ಬಹುಮಾನ ಗೆದ್ದರು. ಗೆದ್ದದ್ದಕ್ಕಿಂತ ದೊಡ್ಡ ಸಂಗತಿ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು. ನರಕೋಶದ ಮೈತುಂಬ ಹುಲಿಯ ಪಟ್ಟೆಯ ಹಾಗೆ ಗಾಢವಾದ ತುಣುಕುಗಳು, ನಡುವೆ ತಿಳಿಯಾದ ಕೋಶಕೇಂದ್ರ, ಅದರೊಳಗೆ ಚುಕ್ಕಿಯಿಟ್ಟ ಹಾಗೆ ಕಿರುಕೇಂದ್ರ. ಆ ತುಣುಕುಗಳು ಏನೆಂದು ಅವರಿಗೆ ಗೊತ್ತಿರಲಿಲ್ಲ. ಅವು ಪ್ರೊಟೀನ್ ತಯಾರಿಸುವ ರೈಬೋಸೋಮ್‌ಗಳ ಗುಂಪು, ಅವುಗಳಲ್ಲಿರುವ ಆರ್‌ಎನ್‌ಎ ಬಣ್ಣವನ್ನು ಹಿಡಿದುಕೊಳ್ಳುತ್ತದೆ ಎಂಬುದು ಸ್ಪಷ್ಟವಾಗಲು 1950ರ ದಶಕದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬರಬೇಕಾಯಿತು. ಹೀಗೆ, ತಾನು ಬಣ್ಣ ಹಾಕುತ್ತಿರುವುದು ಯಾವುದಕ್ಕೆ ಎಂದು ತಿಳಿಯದೆಯೇ ನಿಸ್ಲ್ ಜೀವಮಾನವಿಡೀ ಅದನ್ನು ನೋಡಿದರು. ಅದೂ ಎಷ್ಟು ನಿಖರವಾಗಿ!

ಬಹುಮಾನದ ಬೆನ್ನಿಗೇ ಕೆಲಸವೂ ಸಿಕ್ಕಿತು. ಗುಡೆನ್ 1885ರಲ್ಲಿ ಅವರನ್ನು ಸಹಾಯಕನಾಗಿ ತೆಗೆದುಕೊಂಡರು. ಜವಾಬ್ದಾರಿ ವಿಚಿತ್ರವಾಗಿತ್ತು: ಬವೇರಿಯಾದ ರಾಜನ ತಮ್ಮ ಓಟ್ಟೋ ಮಾನಸಿಕ ಅಸ್ವಸ್ಥನಾಗಿ ಫ್ಯೂರ್‌ಸ್ಟೆನ್‌ರೀಡ್ ಅರಮನೆಯಲ್ಲಿದ್ದ, ಅವನನ್ನು ನೋಡಿಕೊಳ್ಳಬೇಕು. ಅರಮನೆಯಲ್ಲಿ ಒಂದು ಪುಟ್ಟ ಪ್ರಯೋಗಾಲಯ ಇತ್ತು. ನಿಸ್ಲ್‌ಗೆ ಅಷ್ಟು ಸಾಕಾಗಿತ್ತು. ಮರುವರ್ಷವೇ ಗುಡೆನ್ ತೀರಿಕೊಂಡರು, ಅದೂ ಚರಿತ್ರೆ ಸೇರಿದ ಸಾವು. ರಾಜ ಎರಡನೇ ಲುಡ್ವಿಗ್ ಆಳಲು ಅಸಮರ್ಥ ಎಂದು ವರದಿ ಕೊಟ್ಟ ವೈದ್ಯರಲ್ಲಿ ಅವರೇ ಮುಖ್ಯರು. 1886ರ ಜೂನ್ 13ರ ಸಂಜೆ ರಾಜನ ಜೊತೆ ಕೆರೆಯ ದಡದಲ್ಲಿ ವಾಯುವಿಹಾರಕ್ಕೆ ಹೋದರು. ರಾತ್ರಿ ಸ್ಟಾರ್ನ್‌ಬರ್ಗ್ ಕೆರೆಯಲ್ಲಿ ಇಬ್ಬರ ಹೆಣವೂ ಸಿಕ್ಕಿತು. ಏನಾಯಿತೆಂದು ಇವತ್ತಿಗೂ ವಾದ ನಡೆಯುತ್ತಲೇ ಇದೆ. ಗೈಡ್‌ನನ್ನು ಹೀಗೆ ಕಳೆದುಕೊಂಡ ಸಂಶೋಧಕ ಇನ್ನೊಬ್ಬನಿರಲಾರ.

1889ರಲ್ಲಿ ನಿಸ್ಲ್ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಅಲ್ಲಿ ಅವರಿಗಿಂತ ಕೆಲವೇ ತಿಂಗಳ ಹಿಂದೆ ಸೇರಿದ್ದ ಯುವ ವೈದ್ಯನ ಹೆಸರು ಆಲೋಯಿಸ್ ಆಲ್ಝೈಮರ್. ಹೌದು, ಅದೇ ಆಲ್ಝೈಮರ್. ಹಗಲು ರೋಗಿಗಳು, ಸಂಜೆಯ ಮೇಲೆ ಸೂಕ್ಷ್ಮದರ್ಶಕ. ಈ ಸ್ನೇಹ ಕೊನೆಯವರೆಗೆ ಉಳಿಯಿತು. ಮಿದುಳಿನ ಪದರವನ್ನು ಹೇಗೆ ನೋಡಬೇಕೆಂಬ ಶಿಸ್ತನ್ನು ಆಲ್ಝೈಮರ್ ಕಲಿತದ್ದು ಬಹುಮಟ್ಟಿಗೆ ನಿಸ್ಲ್ ಅವರಿಂದ. 1906ರಲ್ಲಿ ತನ್ನ ಹೆಸರಿನ ಕಾಯಿಲೆಯ ಮೊದಲ ಪ್ರಕರಣವನ್ನು ಆಲ್ಝೈಮರ್ ವರದಿ ಮಾಡಿದಾಗ ನಾರುಗಳ ಗಂಟನ್ನು ತೋರಿಸಿದ್ದು ಬೆಳ್ಳಿಯ ಲವಣದ ಇನ್ನೊಂದು ವಿಧಾನ, ಅದು ಬೇರೆ ಮಾತು. ಆದರೆ ಹಾಗೆ ಕುಳಿತು ನೋಡುವ ಅಭ್ಯಾಸ ಬೆಳೆದದ್ದು ಈ ಸಂಜೆಗಳಲ್ಲಿ.

ನನ್ನ ಪ್ರಾಜೆಕ್ಟ್‌ಗೆ ನೇರವಾಗಿ ಸಂಬಂಧಿಸಿದ ಕೆಲಸ ನಡೆದದ್ದೂ ಫ್ರಾಂಕ್‌ಫರ್ಟ್ ವರ್ಷಗಳಲ್ಲೇ. ಮೊಲದ ಮುಖದ ಸ್ನಾಯುಗಳನ್ನು ಆಡಿಸುವ ನರವೊಂದಿದೆ. ನಿಸ್ಲ್ ಅದನ್ನು ಕಿತ್ತುಹಾಕಿದರು. ನಂತರ ಬೇರೆಬೇರೆ ದಿನಗಳಲ್ಲಿ ಆ ನರ ಹುಟ್ಟುವ ಜಾಗವನ್ನು, ಅಂದರೆ ಮಿದುಳಿನ ಬುಡದ ಕೋಶಗಳ ಗುಂಪನ್ನು, ಬಣ್ಣ ಹಾಕಿ ನೋಡಿದರು. ಪೆಟ್ಟು ಬಿದ್ದದ್ದು ದೂರದಲ್ಲಿ, ನರದ ತಂತುವಿಗೆ. ಕೋಶದ ಮೈಯನ್ನು ಯಾರೂ ಮುಟ್ಟಿಲ್ಲ. ಆದರೂ ಕೆಲವೇ ದಿನಗಳಲ್ಲಿ ಆ ಹುಲಿಪಟ್ಟೆಗಳು ಪುಡಿಯಾಗಿ ಕರಗಿದ್ದವು, ಕೋಶ ಊದಿತ್ತು, ಕೋಶಕೇಂದ್ರ ನಡುವಿನಿಂದ ಅಂಚಿಗೆ ಸರಿದಿತ್ತು. ಮೊಲದ ಇನ್ನೊಂದು ಪಾರ್ಶ್ವದ ಕೋಶಗಳು ಮೊದಲಿನಂತೆಯೇ ಇದ್ದವು. 1892ರಲ್ಲಿ ಇದನ್ನು ಪ್ರಕಟಿಸಿದರು. ಈಗ ಇದನ್ನು ಕ್ರೊಮ್ಯಾಟೊಲಿಸಿಸ್ ಎನ್ನುತ್ತೇವೆ. ಅದುವರೆಗೆ ಗಾಯ ಎಂದರೆ ಕೋಶಗಳು ಸತ್ತು ಬರಿದಾದ ಜಾಗ. ಗಾಯಕ್ಕೆ ಕೋಶವೊಂದು ಬದುಕಿರುವಾಗಲೇ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಅವರು ಒಂದೊಂದೇ ಕೋಶದಲ್ಲಿ ಓದಿ ತೋರಿಸಿದ್ದರು. ಮುಂದೆ ಎಷ್ಟೋ ವರ್ಷ ವಿಜ್ಞಾನಿಗಳು ಇದೇ ಉಪಾಯದಿಂದ ಯಾವ ನರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಹುಡುಕಿದರು: ತುದಿಯನ್ನು ಕತ್ತರಿಸು, ಯಾವ ಕೋಶ ಮಂಕಾಗುತ್ತದೋ ಅದೇ ಅದರ ತವರು.

ಇಲ್ಲಿ ನಿಸ್ಲ್ ಅವರ ಒಂದು ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನನ್ನ ಪ್ರಾಜೆಕ್ಟ್‌ನ ಬೆನ್ನುಮೂಳೆಯೇ ಅದು. ಪ್ರಯೋಗಾಲಯದ ಕೆಲಸ ಮಾಡಿದವರಿಗೆ ಗೊತ್ತು, ಸ್ಲೈಡಿನಲ್ಲಿ ಕಾಣುವುದೆಲ್ಲ ನಿಜವಲ್ಲ. ಪ್ರಾಣಿ ಸತ್ತ ಕೂಡಲೇ ಮಿದುಳನ್ನು ಒರಟಾಗಿ ಮುಟ್ಟಿದರೂ ಸಾಕು, ಆರೋಗ್ಯವಾಗಿದ್ದ ಕೋಶಗಳೂ ಮುದುಡಿ ಕಪ್ಪಾಗಿ ಕಾಣುತ್ತವೆ. ಬಣ್ಣವನ್ನು ಆಲ್ಕೋಹಾಲ್‌ನಲ್ಲಿ ತೊಳೆಯುವಾಗ ಅರ್ಧ ನಿಮಿಷ ಹೆಚ್ಚಾದರೆ ಎಲ್ಲ ಕೋಶಗಳೂ ರೋಗಿಗಳಂತೆ ಪೇಲವ, ಕಡಿಮೆಯಾದರೆ ಎಲ್ಲವೂ ಮಸಿಮಯ. ಹಾಗಾದರೆ ಪೆಟ್ಟಿನಿಂದ ಆದದ್ದು ಯಾವುದು, ನಮ್ಮ ಕೈಯಿಂದ ಆದದ್ದು ಯಾವುದು? ನಿಸ್ಲ್ ಕಾಲದಲ್ಲೂ ಇದೇ ತಕರಾರು. ಆಲ್ಕೋಹಾಲ್‌ನಲ್ಲಿ ಸತ್ತು, ಬಣ್ಣದಲ್ಲಿ ಮಿಂದ ಕೋಶ ಜೀವಂತ ಕೋಶದ ಚಿತ್ರ ಹೇಗಾಗುತ್ತದೆ ಎಂದು ಟೀಕಾಕಾರರು ಕೇಳುತ್ತಿದ್ದರು.

ನಿಸ್ಲ್ ಅವರ ಉತ್ತರ ಬಹಳ ಪ್ರಾಮಾಣಿಕವಾದದ್ದು. ಇದು ಜೀವಂತ ಕೋಶದ ಚಿತ್ರ ಎಂದು ಅವರು ವಾದಿಸಲೇ ಇಲ್ಲ. ಇದು ಅದಕ್ಕೆ ಸಮಾನವಾದ ಒಂದು ಗುರುತು ಮಾತ್ರ ಎಂದರು. ಒಂದೇ ರೀತಿ ಕೊಂದ ಪ್ರಾಣಿ, ಅದೇ ಆಲ್ಕೋಹಾಲ್, ಅಷ್ಟೇ ದಪ್ಪದ ಪದರ, ಅದೇ ಬಣ್ಣ, ಅಷ್ಟೇ ಹೊತ್ತು. ಇಷ್ಟನ್ನೂ ಕಟ್ಟುನಿಟ್ಟಾಗಿ ಪಾಲಿಸಿದರೆ ಆರೋಗ್ಯವಂತ ಕೋಶ ಯಾವಾಗಲೂ ಒಂದೇ ಚಿತ್ರ ಕೊಡುತ್ತದೆ. ಆ ಚಿತ್ರವನ್ನು ಅಳತೆಗೋಲು ಮಾಡಿಕೊಳ್ಳಿ. ಅದೇ ವಿಧಾನದಲ್ಲಿ ಬೇರೆ ಚಿತ್ರ ಬಂದರೆ ವ್ಯತ್ಯಾಸ ವಿಧಾನದ್ದಲ್ಲ, ಕೋಶದ್ದು. ಇವತ್ತು ಇದನ್ನು ಕಂಟ್ರೋಲ್ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವೆ. ಆಗ ಅದನ್ನು ಹೀಗೆ ಕಟ್ಟಿಕೊಡಬೇಕಿತ್ತು. ಮುಂದೆ 1894ರಲ್ಲಿ ಅವರು ಸಿದ್ಧಪಡಿಸಿದ ವಿಧಾನದಲ್ಲಿ ಮಿಥಿಲೀನ್ ಬ್ಲೂ ಜೊತೆ ಸಾಬೂನು ಕೂಡ ಇದೆ, ಪದರವನ್ನು ಹಾಕಿದ ದ್ರಾವಣವನ್ನು ಗುಳ್ಳೆ ಏಳುವವರೆಗೆ ಬಿಸಿ ಮಾಡಬೇಕು. ಕೇಳಿದರೆ ಅಡುಗೆಮನೆಯ ಪಾಕ ಅನ್ನಿಸುತ್ತದೆ. ಅಡುಗೆಯಲ್ಲಿ ಕೈಗುಣ ಎನ್ನುತ್ತೇವೆ. ಆ ಕೈಗುಣವನ್ನು ಅಳತೆಗೆ ಇಳಿಸಿ, ಯಾರು ಮಾಡಿದರೂ ಅದೇ ಬರುವಂತೆ ಮಾಡಿದ್ದು ನಿಸ್ಲ್.

ನನ್ನ ಕೆಲಸದಲ್ಲಿ ಮಿಥಿಲೀನ್ ಬ್ಲೂ ಬದಲು ಕ್ರೆಸಿಲ್ ವೈಲೆಟ್, ಸಾಬೂನಿಲ್ಲ. ಉಳಿದಂತೆ ತತ್ವ ಅದೇ. ಪೆಟ್ಟು ಬಿದ್ದ ಪದರವನ್ನೂ ಬೀಳದ ಪದರವನ್ನೂ ಒಂದೇ ಬುಟ್ಟಿಯಲ್ಲಿಟ್ಟು, ಒಟ್ಟಿಗೇ ಬಣ್ಣದಲ್ಲಿ ಮುಳುಗಿಸಿ, ಒಟ್ಟಿಗೇ ಎತ್ತಬೇಕು. ನಂತರ ಯಾವುದು ಯಾವುದೆಂದು ತಿಳಿಯದ ಹಾಗೆ ಸ್ಲೈಡಿನ ಹೆಸರು ಮುಚ್ಚಿ ಎಣಿಸಬೇಕು. ನೆನಪಿನ ಕೆಲಸಕ್ಕೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಸಾಲುಗಟ್ಟಿ ನಿಂತ ನೇರಳೆ ಕೋಶಗಳ ನಡುವೆ ಹಲ್ಲುದುರಿದ ಹಾಗೆ ಖಾಲಿ ಜಾಗ ಕಂಡಾಗ, ಹೆಸರು ಮುಚ್ಚಿದ್ದರೂ ಅದು ಯಾವ ಗುಂಪಿನದೆಂದು ಕಣ್ಣಿಗೆ ಹೊಳೆದುಬಿಡುತ್ತದೆ. ಆದರೂ ಎಣಿಸಲೇಬೇಕು. ತಲೆಗೆ ಪೆಟ್ಟು ಬಿದ್ದವರು ಮಾತು, ನಡಿಗೆ ಎಲ್ಲ ಸರಿಯಿದ್ದೂ ಹೆಸರುಗಳನ್ನು ಮರೆಯುವುದನ್ನು ನಾವು ನೋಡಿರುತ್ತೇವೆ. ಆ ಮರೆವಿನ ಒಂದು ಪಾಲು ಇಂಥ ಖಾಲಿ ಜಾಗಗಳಲ್ಲಿದೆ.

ಕೆಲಸ ಹುಡುಕುತ್ತಿರುವವರಿಗಾಗಿ ಈ ವಿವರ: ಇಷ್ಟೆಲ್ಲ ಹೆಸರು ಮಾಡಿದ ಮೇಲೂ ನಿಸ್ಲ್ ಬಹಳ ವರ್ಷ ಯಾರದೋ ಕೈಕೆಳಗಿನ ವೈದ್ಯರಾಗಿಯೇ ಇದ್ದರು. 1895ರಲ್ಲಿ ಹೈಡೆಲ್‌ಬರ್ಗ್‌ಗೆ ಹೋದದ್ದು ಎಮಿಲ್ ಕ್ರೇಪೆಲಿನ್ ಅವರ ಸಹಾಯಕರಾಗಿ. ಮನೋರೋಗಗಳನ್ನು ಇವತ್ತು ನಾವು ವಿಂಗಡಿಸುವ ಬಗೆಗೆ ತಳಪಾಯ ಹಾಕಿದವರು ಕ್ರೇಪೆಲಿನ್. ಪ್ರಾಧ್ಯಾಪಕ ಪೀಠವೂ ಕ್ಲಿನಿಕ್‌ನ ಮುಖ್ಯಸ್ಥಿಕೆಯೂ ನಿಸ್ಲ್‌ಗೆ ಸಿಕ್ಕಿದ್ದು 1904ರಲ್ಲಿ, ಆ ಪ್ರಬಂಧ ಬರೆದು 20 ವರ್ಷಗಳಾದ ಮೇಲೆ.

ಮನುಷ್ಯ ಗಿಡ್ಡ, ಮುಖದ ಎಡಭಾಗದಲ್ಲಿ ಹುಟ್ಟುಮಚ್ಚೆ, ಉಡುಪಿನ ಬಗ್ಗೆ ಗಮನವಿಲ್ಲ. ಮದುವೆಯಾಗಲಿಲ್ಲ. ಪಿಯಾನೋ ನುಡಿಸುತ್ತಿದ್ದರು. ತುಂಟತನವೂ ಇತ್ತು. ಕ್ರೇಪೆಲಿನ್ ಮದ್ಯದ ಕಡುವಿರೋಧಿ. ಒಂದು ಮುಂಜಾನೆ ನಿಸ್ಲ್ ತನ್ನ ಪ್ರಯೋಗಾಲಯದ ಬಾಗಿಲ ಮುಂದೆ ಖಾಲಿ ಬಾಟಲಿಗಳ ಸಾಲು ಜೋಡಿಸಿ, ತಾನು ಒಳಗೆ ಕುಡಿದು ಬಿದ್ದಿದ್ದೇನೆ ಎಂಬ ಸುದ್ದಿ ಅವರ ಕಿವಿಗೆ ಮುಟ್ಟುವಂತೆ ಮಾಡಿದರೆಂಬ ಕತೆ ಇದೆ. ಕತೆ ಎಷ್ಟು ನಿಜವೋ, ನನಗಂತೂ ಇಷ್ಟ.

ಮುಖ್ಯಸ್ಥರಾಗಿ ಅವರ ದೊಡ್ಡತನ ಕಾಣುವುದು ಬೇರೆ ಕಡೆ. ಅವರ ಕ್ಲಿನಿಕ್‌ನಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ ಒಬ್ಬ ಯುವಕನಿಗೆ ಶ್ವಾಸಕೋಶದ ಕಾಯಿಲೆ, ನಿತ್ಯದ ಡ್ಯೂಟಿ ಮಾಡಲು ಆಗುತ್ತಿರಲಿಲ್ಲ. ಮಿದುಳಿನ ಪದರಗಳಲ್ಲೂ ಅವನಿಗೆ ಆಸಕ್ತಿಯಿಲ್ಲ, ರೋಗಿಯ ಅನುಭವವನ್ನು ಅರ್ಥ ಮಾಡಿಕೊಳ್ಳುವುದು ಹೇಗೆಂಬ ತಾತ್ವಿಕ ಪ್ರಶ್ನೆಯ ಹಿಂದೆ ಬಿದ್ದಿದ್ದ. ಎಲ್ಲಕ್ಕೂ ಉತ್ತರ ಮಿದುಳಿನ ಹೊರಪದರದಲ್ಲಿದೆ ಎಂದು ನಂಬಿದ್ದ ನಿಸ್ಲ್ ಅವನನ್ನು ಅವನ ಪಾಡಿಗೆ ಬಿಟ್ಟರು. ಆ ಯುವಕ ಕಾರ್ಲ್ ಯಾಸ್ಪರ್ಸ್. 1913ರಲ್ಲಿ ಬಂದ ಅವರ ಮನೋರೋಗಶಾಸ್ತ್ರದ ಗ್ರಂಥವನ್ನು ಇಂದಿಗೂ ಓದುತ್ತಾರೆ. ಮುಂದೆ ಅವರು 20ನೇ ಶತಮಾನದ ಪ್ರಮುಖ ತತ್ವಜ್ಞಾನಿಗಳಲ್ಲಿ ಒಬ್ಬರಾದರು.

ನಿಸ್ಲ್ ಸೋತ ವಾದವೂ ಒಂದಿದೆ. ನರಮಂಡಲ ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿ ಕೋಶಗಳಿಂದ ಆದದ್ದು ಎಂದು ಸ್ಪೇನ್‌ನ ಕಹಾಲ್ ತೋರಿಸಿಕೊಟ್ಟಿದ್ದರು. ನಿಸ್ಲ್ ಒಪ್ಪಲಿಲ್ಲ. 1903ರಲ್ಲಿ ಅದರ ವಿರುದ್ಧ ದೊಡ್ಡ ಪುಸ್ತಕವನ್ನೇ ಬರೆದರು. ಕಾರಣ ಅವರ ಬಣ್ಣದಲ್ಲೇ ಇತ್ತೇನೋ ಎನ್ನಿಸುತ್ತದೆ ನನಗೆ. ನಿಸ್ಲ್ ವಿಧಾನ ಕೋಶದ ಮೈಯನ್ನು ತೋರಿಸುತ್ತದೆ, ಉದ್ದನೆಯ ತಂತುಗಳನ್ನು ತೋರಿಸುವುದಿಲ್ಲ. ಹೀಗಾಗಿ ಕೋಶಗಳ ನಡುವೆ ದೊಡ್ಡ ಬಯಲು ಉಳಿಯುತ್ತದೆ. ಆ ಬಯಲಿನಲ್ಲಿ ಕೋಶಗಳಿಗೆ ಸೇರದ ಬೇರೇನೋ ನರವಸ್ತು ಇದೆ ಎಂದು ಅವರು ತಿಳಿದಿದ್ದರು. 1906ರ ನೊಬೆಲ್ ಕಹಾಲ್ ಅವರಿಗೆ ಬಂತು, ಕಹಾಲ್‌ರನ್ನು ಒಪ್ಪದ ಗಾಲ್ಜಿ ಅವರ ಜೊತೆ ಹಂಚಿಕೆಯಾಗಿ. ನಿಸ್ಲ್‌ಗೆ ಬರಲಿಲ್ಲ. ಆದರೆ ಅದೇ ಬಣ್ಣದಿಂದ ಬ್ರಾಡ್‌ಮನ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಮಿದುಳಿನ ಹೊರಪದರಕ್ಕೆ ನಕ್ಷೆ ಬರೆದು 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ಪ್ರದೇಶಗಳಿಗೆ ಕೊಟ್ಟ ಸಂಖ್ಯೆಗಳು 52ರವರೆಗೆ ಹೋಗುತ್ತವೆ, ನರವಿಜ್ಞಾನಿಗಳು ಇಂದಿಗೂ ಅವುಗಳನ್ನೇ ಬಳಸುತ್ತಾರೆ.

ಹೈಡೆಲ್‌ಬರ್ಗ್‌ನ ಕೊನೆಯ ವರ್ಷಗಳು ಕಷ್ಟದವು. ಪಾಠ, ಆಡಳಿತ, ಸಾಲದ ಸೌಲಭ್ಯ. ಮಹಾಯುದ್ಧ ಬಂದಾಗ ದೊಡ್ಡ ಸೈನಿಕ ಆಸ್ಪತ್ರೆಯ ಹೊಣೆಯೂ ಹೆಗಲೇರಿತು. ಮೂತ್ರಪಿಂಡದ ಕಾಯಿಲೆ ಬೇರೆ. ಕೈಗೆತ್ತಿಕೊಂಡ ಎಷ್ಟೋ ಕೆಲಸ ಅರ್ಧಕ್ಕೆ ನಿಂತಿತು. ಗೆಳೆಯ ಆಲ್ಝೈಮರ್ 1915ರಲ್ಲಿ ಹೋದರು. 1918ರಲ್ಲಿ ಕ್ರೇಪೆಲಿನ್ ಮ್ಯೂನಿಕ್‌ನಲ್ಲಿ ಹೊಸದಾಗಿ ಕಟ್ಟಿದ ಮನೋವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕರೆದರು. ಪಾಠವಿಲ್ಲ, ಆಸ್ಪತ್ರೆಯ ಲೆಕ್ಕಪತ್ರವಿಲ್ಲ, ಬರೀ ಸಂಶೋಧನೆ. ವಿದ್ಯಾರ್ಥಿಯಾಗಿ ಬಹುಮಾನ ಗೆದ್ದ ಊರಿಗೇ ನಿಸ್ಲ್ ಮರಳಿದರು. ಮಿದುಳಿನ ಒಳಗಿನ ಥಾಲಮಸ್‌ಗೂ ಹೊರಪದರಕ್ಕೂ ಇರುವ ಸಂಪರ್ಕ ಆಗ ಅವರು ಹುಡುಕುತ್ತಿದ್ದ ವಿಷಯ. ಸಿಕ್ಕ ಬಿಡುವು ಒಂದು ವರ್ಷದ್ದು ಮಾತ್ರ. 1919ರ ಆಗಸ್ಟ್ 11ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು.

1899ರಲ್ಲಿ, ಸಿಫಿಲಿಸ್‌ನಿಂದ ಬರುವ ಪಾರ್ಶ್ವವಾಯು ಸಹಿತದ ಬುದ್ಧಿಭ್ರಮಣೆಯಲ್ಲಿ ಸತ್ತವರ ಮಿದುಳಿನಲ್ಲಿ, ನಿಸ್ಲ್ ಕಡ್ಡಿಯಂತೆ ಉದ್ದಗಿದ್ದ ಸಣ್ಣ ಕೋಶಗಳನ್ನು ಗುರುತಿಸಿದ್ದರು. ಕಡ್ಡಿಕೋಶ ಎಂದೇ ಹೆಸರಿಟ್ಟರು. ಆಮೇಲೆ ದಶಕಗಳ ಕಾಲ ಅವುಗಳ ಬಗ್ಗೆ ಹೆಚ್ಚು ಮಾತಿರಲಿಲ್ಲ. ಈ ಶತಮಾನದಲ್ಲಿ, ತಲೆಗೆ ಪೆಟ್ಟು ಬಿದ್ದ ಇಲಿಗಳ ಮಿದುಳಿನಲ್ಲಿ ಅವೇ ಕೋಶಗಳು ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಸಾಲುಗಟ್ಟಿ ನಿಂತದ್ದು ಕಂಡಿದೆ. ಅವು ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾದ ಒಂದು ರೂಪ. ಗಾಯವನ್ನು ಮಾಯಿಸಲು ಬಂದಿವೆಯೋ, ಇನ್ನಷ್ಟು ಕೆಡಿಸಲು ಬಂದಿವೆಯೋ ಎಂಬುದು ಇತ್ಯರ್ಥವಾಗಿಲ್ಲ. ನನ್ನ ರಿಪೋರ್ಟ್‌ನ ಕೊನೆಯ ಅಧ್ಯಾಯದಲ್ಲಿ, ಮುಂದೆ ಮಾಡಬೇಕಾದ ಕೆಲಸ ಎಂಬ ತಲೆಬರಹದ ಕೆಳಗೆ, ಇವುಗಳ ಬಗ್ಗೆ ಅರ್ಧ ಪುಟ ಬರೆದಿದ್ದೇನೆ. ನಾನು ಎಣಿಸಿದ ಸ್ಲೈಡುಗಳಲ್ಲಿ ಅಲ್ಲಲ್ಲಿ ಅಂಥ ಉದ್ದನೆಯ ಕೋಶಕೇಂದ್ರಗಳಿವೆ. ಅವು ಯಾವ ಸ್ಲೈಡಿನಲ್ಲಿ, ಯಾವ ಮೂಲೆಯಲ್ಲಿ ಎಂದು ಒಂದು ಪಟ್ಟಿ ಮಾಡಿ, ಮುಂದಿನ ಬ್ಯಾಚಿನಲ್ಲಿ ಇದೇ ಮೇಜಿಗೆ ಬರುವ ಹುಡುಗಿಗೆ ಸ್ಲೈಡಿನ ಪೆಟ್ಟಿಗೆಯ ಜೊತೆ ಕೊಟ್ಟಿದ್ದೇನೆ.